ನಮ್ಮಪ್ಪ ರೈಟ್ ಹಾಫ್ ಇದ್ರು

ಅಕ್ಕಾರ, ವೈನಿಯವರ, ಈ ಸಲ ಅಡಗಿ ಮಾತು ಬಿಟ್ಟು ಆಟದ ಮಾತು ಬರೀಲಿಕ್ಕತ್ತೇನಿ. ನಗಬ್ಯಾಡ್ರಿ. "ನಿನಗೂ ಚೆಂಡಿಗೂ ಏನ ಸಂಬಂಧ?" ಅಂತ ನಮ್ಮ ಮನಿಯವರೂ ಕೇಳಿದ್ರು. ಚೆಂಡಿನ ಸಂಬಂಧ ಅಲ್ರೀ, ಒಂದು ಶಬ್ದದ ಸಂಬಂಧ ಅದ. ಏಳು ವರ್ಷದಾಕಿ ಇದ್ದಾಗ ಆ ಶಬ್ದ ತಪ್ಪು ತಿಳ್ಕೊಂಡೆ. ಸರಿ ತಿಳ್ಕೊಳ್ಳಿಕ್ಕೆ ಐವತ್ತು ದಾಟಬೇಕಾತು, ಸಿಡ್ನಿ ತನಕಾನೂ ಹೋಗಬೇಕಾತು.

ಹೋದ ವರ್ಷ ಏಪ್ರಿಲ್ ತಿಂಗಳದಾಗ ಮಗಳ ಎರಡನೇ ಬಾಣಂತನಕ್ಕಂತ ಹೋಗಿದ್ದೆ. ಅಲ್ಲೆ ಎಲ್ಲಾ ತಿರುವು ಮುರುವು. ನಮಗ ಬಿಸಲು ಸುಡೂವಾಗ ಅವರಿಗೆ ಥಂಡಿ ಶುರು ಆಗಿರ್ತದ. ಥಂಡಿ ಅಂದ್ರ ಅಲ್ಲೆ ಚೆಂಡಿನ ಆಟದ ದಿನ. ಹಿರಿ ಮೊಮ್ಮಗ ಪುಟ್ಯಾಗ ಹತ್ತು ನಡೀಲಿಕ್ಕತ್ತಿತ್ತು. ತಂಗಿ ಹುಟ್ಟಿದ ಮ್ಯಾಲ ಎಲ್ಲಾರ ಲಕ್ಷ್ಯ ಕೂಸಿನ ಕಡೆ, ಹಿಂಗಾಗಿ ಪುಟ್ಯಾನ ಕಾರಭಾರ ನನ್ನ ಪಾಲಿಗೆ ಬಂತು. ಸಾಲಿಗೆ ಡಬ್ಬಿ ಕಟ್ಟೋದು, ಸಂಜಿಗೆ ಪ್ರ್ಯಾಕ್ಟೀಸಿಗೆ ಕರ್ಕೊಂಡು ಹೋಗೋದು, ಶನಿವಾರ ಮುಂಜಾನೆ ಮ್ಯಾಚಿಗೆ ಸ್ವೆಟರ್ ಮ್ಯಾಲ ಶಾಲು ಹೊತಗೊಂಡು ಕೂಡೋದು.

ಒಂದಿನ ಪ್ರ್ಯಾಕ್ಟೀಸು ಮುಗಿಸಿ ಓಡಿ ಬಂದಾ. "ಅಜ್ಜಿ, ಕೋಚ್ ನನ್ನ ಹಾಫ್‌ಬ್ಯಾಕ್ ಮಾಡಿದ್ರು!"

ನಾ ಏನಂದೆ ಗೊತ್ತದನು? ತಲಿ ಸವರಿ, "ಇರಲಿ ಬಿಡೋ ಪುಟ್ಯಾ, ಮನಸಿಗೆ ಹಚ್ಕೋಬ್ಯಾಡ. ಈ ವರ್ಷ ಹಾಫ್ ಆದಿ, ಛಲೋ ಆಡಿದ್ರ ಮುಂದಿನ ವರ್ಷ ಫುಲ್ ಮಾಡ್ತಾರ" ಅಂದೆ.

ಹುಡುಗ ನನ್ನ ಮಾರಿ ನೋಡಿದ್ದು ಇನ್ನೂ ನೆನಪದ. "ಅಜ್ಜೀ! ಹಾಫ್‌ಬ್ಯಾಕ್ ಅಂದ್ರ ಟೀಮಿನ ಬಾಸ್! ಫುಲ್‌ಬ್ಯಾಕ್ ಬ್ಯಾರೇ!" ಅಂದು ಕಾರಿನ ಬಾಗಲಾ ಹಾಕಿದಾ. ಮನಿ ಮುಟ್ಟೋ ತನಕ ಮಾತಾಡ್ಲಿಲ್ಲ.

ರಾತ್ರಿ ಕೂಸಿಗೆ ತೊಟ್ಟಲಾ ತೂಗಿಕೋತ ಕೂತಾಗ ನನಗ ಒಮ್ಮೆಲೇ ನೆನಪಾತು. ಇದಽ ಮಾತು ನಾ ಹಿಂದ ಒಮ್ಮೆ ಆಡೇನಿ. ಆವಾಗ ನನ್ನ ಮುಂದ ನಿಂತವರು ನಮ್ಮಪ್ಪ.

ಅಪ್ಪ ಹುಬ್ಬಳ್ಳಿ ರೇಲ್ವೆ ವರ್ಕ್‌ಶಾಪಿನಾಗ ಇದ್ರು. ಗದಗ ರೋಡಿನ ರೇಲ್ವೆ ಕ್ವಾರ್ಟರ್ಸಿನ್ಯಾಗ ನಮ್ಮ ಮನಿ. ವರ್ಕ್‌ಶಾಪ್ ಟೀಮಿನಾಗ ಅಪ್ಪ ಫುಟ್‌ಬಾಲ್ ಆಡ್ತಿದ್ರು. ಯಾರರೆ "ಯಾವ ಜಾಗಾದಾಗ ಆಡ್ತೀರಿ?" ಅಂತ ಕೇಳಿದ್ರ, "ರೈಟ್ ಹಾಫ್" ಅಂತಿದ್ರು. ಹಂಗಂದಾಗ ಬೆನ್ನು ಸ್ವಲ್ಪ ನೆಟ್ಟಗಾಗ್ತಿತ್ತು. ನಮ್ಮ ಕಾಕಾಗ ಚಾಷ್ಟಿ ಮಾಡೋ ಚಾಳಿ. "ನಮ್ಮಣ್ಣ ಅರ್ಧಾ ಆಟಗಾರ, ಅದಕ್ಕಽ ಗೋಲು ಹೊಡಿಯೂದುಲ್ಲ" ಅಂತ ಊಟಕ್ಕ ಕೂತಾಗ ಎಲ್ಲಾರನ್ನೂ ನಗಸ್ತಿದ್ದ. ಅಪ್ಪಾನೂ ನಗ್ತಿದ್ರು. ನಾ ಮಾತ್ರ ಅದನ್ನ ಖರೇ ಅಂತ ತಿಳ್ಕೊಂಡಿದ್ದೆ. ಅರ್ಧಾ ಟಿಕೆಟ್ ಅಂದ್ರ ಸಣ್ಣವರಿಗೆ, ಅರ್ಧಾ ಪಗಾರ ಅಂದ್ರ ಕಡಿಮಿ. ಹಂಗಽ ಅರ್ಧಾ ಆಟಗಾರ ಅಂದ್ರ ಪೂರ್ತಿ ಆಡ್ಲಿಕ್ಕೆ ಬರಲಾರದಾವ.

ನನಗ ಏಳು ವರ್ಷ ಇದ್ದಾಗ ಒಂದು ಫೈನಲ್ ಮ್ಯಾಚಿಗೆ ಅಪ್ಪ ನನ್ನ ಕರ್ಕೊಂಡು ಹೋದ್ರು. ಮಳಿ ಬಿದ್ದು ಗ್ರೌಂಡೆಲ್ಲಾ ರಾಡಿ. ನಾ ಅವ್ವನ ಕೊಡಿ ಹಿಡ್ಕೊಂಡು ಬಾಜೂಕ ನಿಂತಿದ್ದೆ. ಅಪ್ಪ ಅವತ್ತು ಎಷ್ಟು ಓಡಿದ್ರು ಅಂತೀರಿ. ಈ ಕಡೆ ಗೋಲಿನ ಹತ್ತರ ಕಾಣ್ತಿದ್ರು, ಕಣ್ಣು ಮುಚ್ಚಿ ತೆಗಿಯೂದರಾಗ ಆ ಕಡೆ. ಆದ್ರ ಕಾಲಿಗೆ ಚೆಂಡು ಬಂದ್ರ ಸಾಕು, ಬ್ಯಾರೇದವರಿಗೆ ಕೊಟ್ಟು ಬಿಡ್ತಿದ್ರು. ನಮ್ಮ ಓಣಿಯವರೇ ಒಬ್ರು ಮುಂದಿನ ಸಾಲಿನಾಗ ಆಡ್ತಿದ್ರು, ಅವರ ಮಗಳು ನನ್ನ ಕ್ಲಾಸಿನಾಕಿ. ಅವರು ಎರಡು ಗೋಲು ಹೊಡದ್ರು. ಅವರಿಗೆ ಚೆಂಡು ಹೂವಿನ ಮಾಲಿ ಹಾಕಿ ಹೆಗಲ ಮ್ಯಾಲ ಹೊತಗೊಂಡು ಕುಣದ್ರು. ಅಪ್ಪ ಹಿಂದ ನಿಂತು ಚಪ್ಪಾಳಿ ಹೊಡೀಲಿಕ್ಕತ್ತಿದ್ರು.

ಮನಿಗೆ ಬಂದು ಅಪ್ಪ ಕಟ್ಟಿ ಮ್ಯಾಲ ಕೂತು ಬೂಟಿನ ರಾಡಿ ತೆಗಿಯೂವಾಗ ನಾ ಅಳಕೋತ ಕೇಳಿದೆ. "ಅಪ್ಪಾ, ನೀ ಯಾಕ ಯಾವಾಗಲೂ ಬ್ಯಾರೇದವರಿಗೇ ಕೊಡ್ತಿ? ನೀ ಯಾವಾಗ ಪೂರ್ತಿ ಆಗ್ತಿ? ನೀ ಅರ್ಧಾನೇ ಇದ್ದಿ."

ಅಪ್ಪ ಒಮ್ಮೆ ನನ್ನ ನೋಡಿದ್ರು. ಆಮ್ಯಾಲ ನಕ್ಕು, ಕಡ್ಡಿ ತಗೊಂಡು ಮತ್ತ ಬೂಟು ಕೆರೀಲಿಕ್ಕೆ ಹತ್ತಿದ್ರು. ಅದಾದ ಮ್ಯಾಲ ನಾ ಗ್ರೌಂಡಿಗೆ ಹೋಗ್ಲಿಲ್ಲ, ಅವರೂ ಕರೀಲಿಲ್ಲ. ಎರಡು ವರ್ಷಕ್ಕ ಮೊಣಕಾಲು ನೋವು ಅಂತ ಆಟ ಬಿಟ್ರು. ಮುಂದ ನನ್ನ ಪಿಯುಸಿ ಆತು, ಲಗ್ನ ಆತು, ಮಕ್ಕಳಾದ್ರು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ ಆತು. ಈ ಮಾತು ನನಗ ನೆನಪಽ ಇರ್ಲಿಲ್ಲ. ಪುಟ್ಯಾ ಕಾರಿನ ಬಾಗಲಾ ಹಾಕಿದ ಸಪ್ಪಳಕ್ಕ ಎದ್ದು ಕೂತ್ತು.

ಮರದಿನಾ ಪುಟ್ಯಾನ ಸಿಟ್ಟು ಇಳಿಸಬೇಕಂತ ಶೇಂಗಾ ಹುರದು ಕೊಟ್ಟೆ. "ನನಗ ಸರಿಯಾಗಿ ತಿಳಿಸಿ ಹೇಳಪಾ, ಹಾಫ್‌ಬ್ಯಾಕ್ ಅಂದ್ರೇನು?" ಅಂದೆ. ಅಂವ ಟೇಬಲ್ ಮ್ಯಾಲ ಶೇಂಗಾ ಸಾಲು ಹಚ್ಚಿದಾ. ಅಂವ ಆಡೋದು ರಗ್ಬಿ ಲೀಗ್. ಸಿಡ್ನಿಯೊಳಗ "ಫುಟಿ" ಅಂದ್ರ ಅದಽ. ಸಣ್ಣ ಹುಡುಗರಿಗೆ ಮಂದಿ ಕಡಿಮಿ, ದೊಡ್ಡವರ ಆಟದಾಗ ಒಂದು ಕಡೆ 13 ಮಂದಿ. ಮುಂದ ಆರು ಮಂದಿ ದಾಂಡಿಗರು, ಅವರು ಫಾರ್ವರ್ಡ್. ಹಿಂದ ಏಳು ಮಂದಿ ಚುರುಕು ಓಡಾವರು, ಅವರು ಬ್ಯಾಕ್. ಚೆಂಡು ತತ್ತಿ ಹಂಗ ಉದ್ದಕ. ಕೈಯಾಗ ಹಿಡ್ಕೊಂಡು ಓಡಬೇಕು.

ಎಲ್ಲಾಕ್ಕಿಂತ ವಿಚಿತ್ರ ಏನಪಾ ಅಂದ್ರ, ಕೈಯಿಂದ ಮುಂದಿದ್ದವರಿಗೆ ಚೆಂಡು ಕೊಡೋ ಹಂಗಿಲ್ಲ. ಬಾಜೂಕ ಇಲ್ಲಾ ಹಿಂದ ಇದ್ದವರಿಗೇ ಕೊಡಬೇಕು. ಮುಂದ ಹೋಗಬೇಕಂದ್ರ ತಾನಽ ಓಡಬೇಕು, ಇಲ್ಲಾ ಕಾಲಿಂದ ಒದೀಬೇಕು. ಎದುರಿನವರು ಹಿಡದು ಕೆಡವ್ತಾರ. ಎದ್ದು ಚೆಂಡು ಕಾಲಿಂದ ಹಿಂದಕ್ಕ ಉರುಳಿಸಿ ಮತ್ತ ಶುರು. ಹಿಂಗ ಆರು ಸಲ ಕೆಡವಿದ್ರಂದ್ರ ಚೆಂಡು ಎದುರಿನವರ ಪಾಲು. ಅಷ್ಟರಾಗ ಏನರೆ ಮಾಡಬೇಕು.

"ಅದೇನು ಮಾಡಬೇಕು ಅಂತ ಯಾರು ಹೇಳಾವ್ರು?" ಅಂತ ಕೇಳಿದೆ.

ಪುಟ್ಯಾ ದಾಂಡಿಗರ ಸಾಲು, ಓಡಾವರ ಸಾಲು, ಎರಡರ ನಡುವ ಇದ್ದ ಒಂದು ಶೇಂಗಾ ಮ್ಯಾಲ ಬೆರಳಿಟ್ಟಾ. "ಇಂವ. ನಂಬರ್ 7. ಹಾಫ್‌ಬ್ಯಾಕ್."

ಯಾರಿಗೆ ಕೊಡಬೇಕು, ಬಲಕ್ಕೋ ಎಡಕ್ಕೋ, ಈಗ ಓಡೋದೋ ಒದಿಯೋದೋ, ಎಲ್ಲಾ ಅಂವ ಒದರಿ ಹೇಳ್ತಾನ. ಆರನೇದ್ದು ಬರೋಕ್ಕಿಂತ ಮೊದಲು ಚೆಂಡು ಒದಿಯೋದೂ ಬಹಳ ಮಾಡಿ ಅವನಽ. ದಾಂಡಿಗರ ನಡುವ ಸಣ್ಣಾವ ಕಾಣ್ತಾನ, ಆದ್ರ ಅವನ ಬಾಯಿ ಬಂದಾತಂದ್ರ ಟೀಮು ದಿಕ್ಕು ತಪ್ತದ.

ಇದನ್ನ ಕೇಳಿದಾಗ ನನಗ ಲಗ್ನದ ಮನಿ ಉಗ್ರಾಣದ ನೆನಪಾತು. ನಮ್ಮ ಕಡೆ ಉಗ್ರಾಣದ ಕೀಲಿ ಒಬ್ಬಾಕಿ ಸೊಂಟದಾಗ ಇರ್ತದಲ್ಲಾ? ಒಳಗ ಅಡಗಿ ಭಟ್ರು, ಹೊರಗ ಬಡಸಾವ್ರು, ನಡುವ ಆಕಿ. ಬೆಲ್ಲ ಎಷ್ಟು ಹೋಗಬೇಕು, ಎರಡನೇ ಪಂಕ್ತಿಗೆ ಹೋಳಗಿ ಸಾಲ್ತಾವೋ ಇಲ್ಲೋ, ಬೀಗರ ಎಲಿಗೆ ತುಪ್ಪ ಮೊದಲ ಹೋತೋ ಇಲ್ಲೋ, ಎಲ್ಲಾ ಆಕಿ ಕೈಯಾಗಿಂದನಽ ದಾಟಬೇಕು. ಊಟ ಛಲೋ ಆತಂದ್ರ ಭಟ್ರಿಗೆ ಶಾಲು ಹೊದಸ್ತಾರ. ಉಗ್ರಾಣದಾಕಿ ಲಗ್ನದ ಆಲ್ಬಮ್ಮಿನಾಗೂ ಇರೂದುಲ್ಲ. ನಿಮ್ಮೊಳಗ ಎಷ್ಟು ಮಂದಿ ಆ ಕೀಲಿ ಸಿಗಿಸ್ಕೊಂಡೀರಿ, ನಿಮಗ ಗೊತ್ತು.

ಆದ್ರ ಅಲ್ಲಿಯವರು ಅವಂಗ ಮರ್ಯಾದಿ ಕೊಡ್ತಾರ್ರೀ. ಅಳಿಯ ಒಂದು ಹಳೇ ಮ್ಯಾಚು ಹಚ್ಚಿ ತೋರಿಸಿದ್ರು, 2015ರ ಗ್ರ್ಯಾಂಡ್ ಫೈನಲ್. ನಾರ್ತ್ ಕ್ವೀನ್ಸ್‌ಲ್ಯಾಂಡ್ ಟೀಮಿನ ಹಾಫ್‌ಬ್ಯಾಕ್ ಜೊನಾಥನ್ ಥರ್ಸ್ಟನ್. ಹೊತ್ತು ಮುಗಿಯೂ ಮುಂದ ಇವರ ಟೀಮಿನಾವ ಒಬ್ಬ ಚೆಂಡು ತಗೊಂಡು ಮೂಲ್ಯಾಗ ಬಿದ್ದಾ, 16-16 ಸಮ ಆತು. ಅದರ ಮ್ಯಾಲ ಥರ್ಸ್ಟನ್ ಒಂದು ಒದ್ದು ಕಂಬದ ನಡುವ ಹಾಕಿದ್ದಿದ್ರ ಅಲ್ಲಿಗೇ ಗೆಲ್ತಿದ್ರು. ಚೆಂಡು ಕಂಬಕ್ಕ ಬಡದು ಹೊರಗ ಹೋತು. ನಾ "ಅಯ್ಯ!" ಅಂತ ಒದರಿದೆ, ಮಲಗಿದ ಕೂಸು ಎದ್ದು ಬಿಡ್ತು. ಮುಂದ ಹೆಚ್ಚಿನ ಹೊತ್ತು ಕೊಟ್ಟಾಗ ಮತ್ತ ಅವನಽ ಒದ್ದಾ, ಈ ಸಲ ಸರಿ ಬಿತ್ತು. 17-16. ಆ ಟೀಮಿಗೆ ಅದಽ ಮೊದಲನೇ ಕಪ್ಪು. ಆಟ ಮುಗದ ಮ್ಯಾಲ ಅಂವ ತನ್ನ ಸಣ್ಣ ಮಗಳನ್ನ ಹತ್ತರ ಕೂಡಿಸ್ಕೊಂಡು ಮೈದಾನದಾಗ ಕೂತಿದ್ದಾ. ಮಗಳ ಕೈಯಾಗ ಒಂದು ಕಪ್ಪು ಬಣ್ಣದ ಗೊಂಬಿ. ಥರ್ಸ್ಟನ್ ಅಲ್ಲಿಯ ಮೂಲನಿವಾಸಿ ಮಂದಿಯವ, ಹಿಂಗಾಗಿ ಆ ಗೊಂಬಿ ಫೋಟೋ ದೇಶದ ತುಂಬ ಮಂದಿ ಮನಸಿಗೆ ಮುಟ್ಟಿತಂತ. ನಾ ಫೋಟೋ ಭಾಳ ಹೊತ್ತು ನೋಡಿದೆ. ನನ್ನ ಕಣ್ಣಿಗೆ ಬ್ಯಾರೇನಽ ಕಾಣ್ಲಿಕ್ಕತ್ತಿತ್ತು, ನಮ್ಮ ಕಟ್ಟಿ ಮ್ಯಾಲ ಬೂಟಿನ ರಾಡಿ.

ನಾ ಇಷ್ಟು ಕಲತು ಶಾಣ್ಯಾಕಿ ಆದೆ ಅಂತ ತಿಳ್ಕೊಂಡಿದ್ದೆ. ಅಷ್ಟರಾಗ ಬಾಜೂ ಮನಿಯಾಕಿ ಕೂಸು ನೋಡ್ಲಿಕ್ಕೆ ಬಂದ್ಲು. ಆಕಿ ನ್ಯೂಜಿಲೆಂಡಿನಾಕಿ, ನನ್ನ ವಯಸ್ಸೇ. ನನ್ನ ಇಂಗ್ಲಿಷು ಪಿಯುಸಿ ಇಂಗ್ಲಿಷು, ಆದ್ರ ಇಬ್ಬರೂ ಅಜ್ಜಿಗೋಳಾದ್ರ ಮಾತು ಹೆಂಗರೆ ನಡೀತದ. "ನಮ್ಮ ಪುಟ್ಯಾ ಹಾಫ್‌ಬ್ಯಾಕ್" ಅಂತ ನಾ ಜಂಬ ಕೊಚ್ಚಿದೆ. "ನಮ್ಮ ಹುಡುಗನೂ ಹಾಫ್‌ಬ್ಯಾಕ್, ನಂಬರ್ 9" ಅಂದ್ಲು. "ಏಳಲ್ಲಾ?" ಅಂದೆ. "ಅದು ಆ ಆಟ, ಇದು ನಮ್ಮ ಆಟ" ಅಂತ ನಕ್ಕಳು.

ಆಕಿ ಆಟ ರಗ್ಬಿ ಯೂನಿಯನ್. ಒಂದು ಕಡೆ 15 ಮಂದಿ. ರಗ್ಬಿ ಮನಿ 1895ರಾಗ ಇಂಗ್ಲಂಡಿನಾಗ ಪಾಲಾದಾಗ ಒಂದು ಮನಿ ಯೂನಿಯನ್ ಆಗಿ ಉಳೀತು, ಇನ್ನೊಂದು ಮುಂದ ಲೀಗ್ ಆತು. ಅಣ್ಣ ತಮ್ಮಂದ್ರು ಬ್ಯಾರೆ ಆದ ಮ್ಯಾಲ ಒಂದಽ ಹೆಸರಿನ ಹಬ್ಬ ಎರಡು ರೀತಿ ಮಾಡಿಧಂಗ. ಯೂನಿಯನ್‌ದಾಗ ಎಂಟು ಮಂದಿ ದಾಂಡಿಗರು ತಲಿ ತಗ್ಗಿಸಿ, ತೆಕ್ಕಿ ಬಿದ್ದು, ಎದುರಿನ ಎಂಟು ಮಂದಿ ಜೊತಿ ನೂಕಾಡ್ತಾರ. ಅದಕ್ಕ ಸ್ಕ್ರಮ್ ಅಂತಾರ. ಅವರ ಕಾಲೊಳಗಿಂದ ಬಂದ ಚೆಂಡು ಎತ್ತಿ ಹೊರಗಿನವರಿಗೆ ಮುಟ್ಟಸಾವ ನಂಬರ್ 9. ಇಂಗ್ಲಂಡಿನವರು ಅವಂಗ ಸ್ಕ್ರಮ್ ಹಾಫ್ ಅಂದ್ರ, ನ್ಯೂಜಿಲೆಂಡಿನವರು ಹಾಫ್‌ಬ್ಯಾಕ್ ಅಂತಾರ. ಅವರ ದೇಶದ ಟೀಮಿನಾಗ ಆರನ್ ಸ್ಮಿತ್ ಅನ್ನಾವ ಇದಽ ಜಾಗಾದಾಗ ನೂರಕ್ಕಿಂತ ಹೆಚ್ಚು ಟೆಸ್ಟ್ ಆಡ್ಯಾನಂತ. ಎತ್ತರ ಕಡಿಮಿ. ಮೊದಲು ಕೂದಲಾ ಕತ್ತರಸೋ ಕೆಲಸಾ ಕಲತಾವ. "ಅದಕ್ಕಽ ಕೈ ಅಷ್ಟು ಚುರುಕು" ಅಂತ ನಾನಂದೆ, ಆಕಿ ಚಹಾ ಚೆಲ್ಲೋವಷ್ಟು ನಕ್ಕಳು.

ಆವಾಗ ನಾ ಧೈರ್ಯ ಮಾಡಿ ಕೇಳಿದೆ. "ಇಷ್ಟು ದೊಡ್ಡ ಕೆಲಸಾ ಮಾಡಾವಂಗ ಹಾಫ್ ಅಂತ ಯಾಕ ಅಂತೀರಿ? ಅರ್ಧಾ ಅಂದಂಗಾತಲ್ಲಾ?"

ಆಕಿ ಟೇಬಲ್ ಮ್ಯಾಲಿನ ಚಮಚಾ ನಾಲ್ಕು ತಗೊಂಡು ಒಂದರ ಹಿಂದ ಒಂದು ಇಟ್ಲು. ಮುಂದ ದಾಂಡಿಗರು. ಅವರ ಹಿಂದ ಹಾಫ್‌ಬ್ಯಾಕ್, ಅಂದ್ರ ಅರ್ಧಾ ಹಿಂದ ನಿಂತಾವ. ಎಲ್ಲಾರಕ್ಕಿಂತ ಹಿಂದ, ಪೂರ್ತಿ ಹಿಂದ ನಿಂತಾವ ಫುಲ್‌ಬ್ಯಾಕ್. ಇವರಿಬ್ಬರ ನಡುವ ಮುಕ್ಕಾಲು ಹಿಂದ ನಿಂತವರು ಥ್ರೀ-ಕ್ವಾರ್ಟರ್. ಇನ್ನ ಅರ್ಧಾ ಮತ್ತ ಮುಕ್ಕಾಲಿನ ನಡುವ ಒಬ್ಬಾವ ಬೇಕಾದಾಗ ಅವಂಗೇನು ಹೆಸರಿಡೋದು? ಅರ್ಧಾ ಅಂದ್ರ ಎಂಟರಾಗ ನಾಲ್ಕು, ಮುಕ್ಕಾಲು ಅಂದ್ರ ಎಂಟರಾಗ ಆರು. ನಡುವಿನಾವ ಎಂಟರಾಗ ಐದು. ಅದಕ್ಕಽ ಅವನ ಹೆಸರು ಫೈವ್-ಎಯ್ಟ್ತ್! ನಿಜಾ ಹೇಳ್ತೇನಿ, ಇದಽ ಹೆಸರಿನಿಂದ ಇವತ್ತಿಗೂ ಕರೀತಾರ. ಅರ್ಧ ವಾಟಗಾ, ಮುಕ್ಕಾಲು ವಾಟಗಾ ಅಳತಿ ಮಾಡಿ ಹಿಟ್ಟು ಕಲಸೋ ನಮಗ ಈ ಲೆಕ್ಕ ಯಾರೂ ತಿಳಿಸಬೇಕಾಗಿರ್ಲಿಲ್ಲ.

ಅರ್ಧಾ ಅಂದ್ರ ನಿಂತ ಜಾಗಾದ ಲೆಕ್ಕ. ಮನಷ್ಯಾನ ಲೆಕ್ಕ ಅಲ್ಲ.

ಇಷ್ಟಽ ಮಾತು ನನಗ ಏಳು ವರ್ಷದಾಗ ಯಾರರೆ ಹೇಳಿದ್ರ? ಆಕಿ ಹೋದ ಮ್ಯಾಲ ಕಪ್ಪು ಬಸಿ ತೊಳಕೋತ ನಾ ಸಿಂಕಿನ ಮುಂದ ಒಂದಿಷ್ಟು ಹೊತ್ತು ಸುಮ್ಮನ ನಿಂತೆ. ಮಗಳು ಕೂಸಿನ್ನ ಎತ್ತಿಕೊಂಡು ಬಂದು "ಅಮ್ಮಾ, ಯಾಕ ಅಳ್ಲಿಕ್ಕತ್ತಿ?" ಅಂದ್ಲು. "ಉಳ್ಳಾಗಡ್ಡಿ" ಅಂದೆ. ಉಳ್ಳಾಗಡ್ಡಿ ಹೆಚ್ಚಿದ್ದಿಲ್ಲ ಅಂತ ಆಕಿಗೂ ಕಂಡಿರಬೇಕು. ಆಕಿ ಕೇಳ್ಲಿಲ್ಲ.

ಮುಂದಿನ ಎರಡು ವಾರ ನಾ ಸಿಕ್ಕವರನ್ನೆಲ್ಲಾ ಇದನ್ನಽ ಕೇಳಿದೆ. ನಮ್ಮ ನಾದಿನಿ ಮೆಲ್ಬರ್ನ್‌ದಾಗ ಇದ್ದಾಳಲ್ಲಾ, ಆಕಿ ಮಗಾ ಅಲ್ಲಿಯ ಆಟ ಆಡ್ತಾನ, ಆಸ್ಟ್ರೇಲಿಯನ್ ರೂಲ್ಸ್. 1859ರಾಗ ಮೆಲ್ಬರ್ನ್‌ದಾಗಽ ನಿಯಮ ಬರದು ಹುಟ್ಟಿಸಿದ ಆಟ. ಕ್ರಿಕೆಟ್ಟಿನ ಗ್ರೌಂಡಿನಂಥಾ ದುಂಡನ ಗ್ರೌಂಡು, ಒಂದು ಕಡೆ 18 ಮಂದಿ. ಅಲ್ಲೆ "ಫುಟಿ" ಅಂದ್ರ ಇದು, ಸಿಡ್ನಿ ಫುಟಿ ಅಲ್ಲ. ವಿಡಿಯೋ ಕಾಲ್‌ದಾಗ ಅಂವ ಹೇಳಿದಾ. "ಮಾಮಿ, ನಮ್ಮಲ್ಲೆ ಹಾಫ್‌ಬ್ಯಾಕ್ ಅಂದ್ರ ಒಬ್ಬ ಅಲ್ಲ, ಒಂದು ಸಾಲು, ಮೂರು ಮಂದಿ. ನಮ್ಮ ಗೋಲಿನ ಮುಂದ ಕಡೀ ಸಾಲು, ಅದರ ಮುಂದಿನ ಸಾಲು ನಮ್ಮದು." ಮೊದಲ ಕೆಲಸಾ ಎದುರಿನವರನ್ನ ತಡಿಯೋದು. ಆದ್ರ ತಡದ ಚೆಂಡು ತಗೊಂಡು ಓಡಿ ತಮ್ಮ ಆಟ ಶುರು ಮಾಡಾವರೂ ಅವರಽ. ಅಂದ್ರ ಬಾಗಲಾ ಕಾಯಾವ್ರೂ ಅವರಽ, ಬಾಗಲಾ ತೆಗದು ಹೊರಗ ಹೊಂಡಾವ್ರೂ ಅವರಽ.

ನಮ್ಮ ತಂಗಿ ಮಗಾ ಅಮೆರಿಕಾದಾಗ ಇದ್ದಾನ. ಅವನ್ನ ಕೇಳಿದ್ರ, "ಮೌಶಿ, ಇಲ್ಲೆ ಅದು ಹಳೇ ಹೆಸರು, ಈಗ ರನ್ನಿಂಗ್ ಬ್ಯಾಕ್ ಅನ್ನೋದಽ ಹೆಚ್ಚು" ಅಂದಾ. ಅಲ್ಲಿಯ ಫುಟ್‌ಬಾಲಿನಾಗ ಹುಕುಂ ಕೊಡಾವ ಕ್ವಾರ್ಟರ್‌ಬ್ಯಾಕ್, ಅಂದ್ರ ಕಾಲುಭಾಗ ಹಿಂದ ನಿಂತಾವ. ಹಾಫ್‌ಬ್ಯಾಕ್ ಬ್ಯಾರೇದವರಿಗೆ ಕೊಡಾವ ಅಲ್ಲ, ಇಸಗೊಳ್ಳಾವ. ಚೆಂಡು ಎದಿಗೆ ಅವಚಿಕೊಂಡು ಗುಂಪಿನಾಗ ನುಗ್ಗಿ ಓಡೋದು ಅವನ ಕೆಲಸಾ. ಮತ್ತ ಮಜಾ ಏನಂದ್ರ, ಅಲ್ಲೆ ಫುಲ್‌ಬ್ಯಾಕ್ ಅನ್ನಿಸಿಕೊಂಡಾವ ಈಗ ಬಹಳ ಸಲ ಹಾಫ್‌ಬ್ಯಾಕಿನ ಮುಂದಽ ನಿಂತಿರ್ತಾನ, ಅವಂಗ ದಾರಿ ಮಾಡಿ ಕೊಡ್ಲಿಕ್ಕೆ. ಪೂರ್ತಿ ಹಿಂದಿನಾವ ಮುಂದ, ಅರ್ಧಾ ಹಿಂದಿನಾವ ಹಿಂದ!

ಸಾರು ಅಂದ್ರ ಧಾರವಾಡದಾಗ ಒಂದು, ಮೈಸೂರಾಗ ಒಂದು, ಮಂಗಳೂರಾಗ ಒಂದು ಇರ್ತದಲ್ಲಾ, ಹಂಗಽ ಇದು. ಹೆಸರು ಒಂದಽ, ಒಬ್ಬೊಬ್ಬರ ಮನ್ಯಾಗ ಒಂದೊಂದು ರುಚಿ. ಒಂದು ಕಡೆ ಹುಕುಂ ಕೊಡಾವ, ಒಂದು ಕಡೆ ಎತ್ತಿ ಮುಟ್ಟಸಾವ, ಒಂದು ಕಡೆ ತಡಿಯಾವ, ಒಂದು ಕಡೆ ಓಡಾವ. ಎಲ್ಲಾ ಕಡೆ ಒಂದಽ ಸಮ ಏನಂದ್ರ, ಇಂವ ಮುಂದಿನ ಸಾಲಿನಾವನೂ ಅಲ್ಲ, ಕಡೀ ಸಾಲಿನಾವನೂ ಅಲ್ಲ.

ಇನ್ನ ಉಳದದ್ದು ನಮ್ಮಪ್ಪನ ಆಟ. ಅದನ್ನ ಕೇಳ್ಲಿಕ್ಕೆ ಹುಬ್ಬಳ್ಳ್ಯಾಗಿನ ಅಣ್ಣಗ ಫೋನ್ ಮಾಡಿದೆ. ಅಣ್ಣ ನನಗಿಂತ ಆರು ವರ್ಷ ದೊಡ್ಡಾವ, ಅಪ್ಪನ ಎಲ್ಲಾ ಮ್ಯಾಚು ನೋಡ್ಯಾನ. "ಏನವಾ, ಬಾಣಂತನ ಬಿಟ್ಟು ಫುಟ್‌ಬಾಲ್ ಹಿಡದೆಲ್ಲಾ" ಅಂತ ನಕ್ಕಾ, ಆದ್ರ ಒಂದು ತಾಸು ಮಾತಾಡಿದಾ.

ಆವಾಗ ಟೀಮು ನಿಲ್ಲಸೋ ರೀತಿ ಹಿಂಗಿತ್ತು. ಗೋಲ್‌ಕೀಪರ್ ಒಬ್ಬ. ಮುಂದ ಇಬ್ಬರು ಫುಲ್‌ಬ್ಯಾಕ್. ಅವರ ಮುಂದ ಮೂರು ಮಂದಿ ಹಾಫ್: ರೈಟ್ ಹಾಫ್, ಸೆಂಟರ್ ಹಾಫ್, ಲೆಫ್ಟ್ ಹಾಫ್. ಎಲ್ಲಾರಕ್ಕಿಂತ ಮುಂದ ಐದು ಮಂದಿ ಗೋಲು ಹೊಡಿಯಾವ್ರು. ಎರಡು, ಮೂರು, ಐದು. ರೈಟ್ ಹಾಫಿನ ಅಂಗಿ ನಂಬರ್ 4. ಹಿಂದ ಇಬ್ಬರಽ ಇರೋದರಿಂದ ಎದುರಿನವರು ಬಂದ್ರ ಹಾಫ್ ಇದ್ದಾವ ಓಡಿ ಹಿಂದ ಬರಬೇಕು. ನಮ್ಮವರು ಹೊಂಟ್ರ ಚೆಂಡು ಮುಂದ ಮುಟ್ಟಿಸಿ ಅವರ ಬೆನ್ನ ಹಿಂದ ನಿಲ್ಲಬೇಕು. ಮುಂದಿನ ಐದು ಮಂದಿ ದಮ್ಮು ಹತ್ತಿದ್ರ ನಿಲ್ಲಬಹುದು, ಹಾಫ್ ನಿಲ್ಲೋ ಹಂಗಿಲ್ಲ. 1925ರಾಗ ಆಫ್‌ಸೈಡ್ ನಿಯಮ ಬದಲಾದ ಮ್ಯಾಲ ಇಂಗ್ಲಂಡಿನಾಗ ಸೆಂಟರ್ ಹಾಫಿನ್ನ ಎಳದು ಹಿಂದ, ಇಬ್ಬರು ಫುಲ್‌ಬ್ಯಾಕ್‌ಗಳ ನಡುವ ನಿಲ್ಲಿಸಿದ್ರಂತ. ಜಾಗಾ ಹೋತು, ಹೆಸರು ಉಳೀತು. ಅದಕ್ಕಽ ಇವತ್ತಿಗೂ ಪೂರ್ತಿ ಹಿಂದ ನಿಂತಾವಂಗ ಸೆಂಟರ್ ಹಾಫ್ ಅಂತಾರ. ಉಳಿದ ಹಾಫ್‌ಗಳು ಈಗ ಮಿಡ್‌ಫೀಲ್ಡರ್ ಆಗ್ಯಾರ.

"ಅಪ್ಪಗ ಹಾಫ್ ಆಗೋ ಹುಚ್ಚು ಹೆಂಗ ಹಿಡೀತು ಗೊತ್ತದನು?" ಅಂದಾ ಅಣ್ಣ. ನನಗ ಗೊತ್ತಿರ್ಲಿಲ್ಲ. 1956ರ ಒಲಿಂಪಿಕ್ಸು ಮೆಲ್ಬರ್ನ್‌ದಾಗ. ಡಿಸೆಂಬರ್ 1ಕ್ಕ ನಮ್ಮ ದೇಶದವರು ಆಸ್ಟ್ರೇಲಿಯಾದವರನ್ನ ಅವರ ನೆಲದಾಗಽ 4-2 ಸೋಲಿಸಿದ್ರು. ನೆವಿಲ್ ಡಿಸೋಜಾ ಮೂರು ಗೋಲು ಹೊಡದಾ. ಕಡೀಕ ನಾಲ್ಕನೇ ಜಾಗಾ ಬಂತು. ಆ ಸಲ ಹೋದ ತಂಡದಾಗ ಮೈಸೂರು ರಾಜ್ಯದ ಕೆಂಪಯ್ಯ ಅನ್ನಾವ್ರು ಇದ್ರು, ಅವರು ಹಾಫ್‌ಬ್ಯಾಕ್. ನಮ್ಮ ಹುಬ್ಬಳ್ಳಿ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿ ಆವಾಗ ಬರೋಬ್ಬರಿ ಒಂದು ತಿಂಗಳಾಗಿತ್ತು, ನವೆಂಬರ್ 1ಕ್ಕ. ಅಪ್ಪಗ ಹದಿನೆಂಟು ವರ್ಷ. ಊರಾಗೆಲ್ಲಾ ಡಿಸೋಜಾನ ಹೆಸರು. ಅಪ್ಪ ಮಾತ್ರ "ಕೆಂಪಯ್ಯ ನಮ್ಮಾವ, ಅವನ ಜಾಗಾ ನನಗಿರಲಿ" ಅಂದ್ರಂತ. ಒಂದು ತಿಂಗಳ ಹಿಂದ ನಮ್ಮವರಾದ ಕೆಂಪಯ್ಯ!

ಕಡೀಕ ನಾ ಆ ಫೈನಲ್ಲಿನ ಮಾತು ಎತ್ತಿದೆ. "ಅಣ್ಣಾ, ನಾ ಅಪ್ಪಗ ಅರ್ಧಾ ಅಂದಿದ್ದೆ. ಅವರಿಗೆ ಅದು ನೆನಪಿತ್ತೇನೋ?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದಾ. "ನೆನಪಿತ್ತೇನು ಅಂತ ಕೇಳ್ತೀ? ಮರದಿನಽ ವರ್ಕ್‌ಶಾಪಿನಾಗ ಎಲ್ಲಾರಿಗೂ ಹೇಳಿದ್ರು. ನನ್ನ ಮಗಳು ನನಗ ಅರ್ಧಾ ಅಂದ್ಲು, ಪೂರ್ತಿ ಯಾವಾಗ ಆಗ್ತಿ ಅಂತ ಕೇಳಿದ್ಲು ಅಂತ. ರಿಟೈರ್ ಆಗೋ ತನಕ ಅವರ ಗೆಳ್ಯಾರು ಅವರಿಗೆ ಅರ್ಧಾ ಅಂತಽ ಕರೀತಿದ್ರು. ನೀ ಗಂಡನ ಮನಿಗೆ ಹೋದಿ, ನಿನಗ ಗೊತ್ತಾಗ್ಲಿಲ್ಲ."

"ನಕ್ಕೋತ ಹೇಳ್ತಿದ್ರೋ?" ಅಂದೆ.

"ನಕ್ಕೋತನಽ ಹೇಳ್ತಿದ್ರು" ಅಂದಾ.

ನಕ್ಕದ್ದು ಮ್ಯಾಲಿಂದೋ ಒಳಗಿಂದೋ, ಅದನ್ನ ಇನ್ನ ಯಾರನ್ನ ಕೇಳಲಿ? ಮಕ್ಕಳ ಮಾತು ಅಂತ ಬಿಟ್ಟಿರಬಹುದು. ಮತ್ತೊಮ್ಮೆ ನನ್ನ ಗ್ರೌಂಡಿಗೆ ಕರೀಲಿಲ್ಲ ಅನ್ನೋದೂ ಖರೇ. ಎರಡೂ ನನ್ನ ಹತ್ತರ ಅವ, ಒಂದು ಹೊಂದಿದ್ರ ಇನ್ನೊಂದು ಹೊಂದೂದುಲ್ಲ. ಇಟ್ಕೊಂಡೇನಿ.

ನಾ ತಿರುಗಿ ಬರೋದು ವಾರ ಇದ್ದಾಗ ಪುಟ್ಯಾನ ಸೀಜನ್ನಿನ ಕಡೀ ಮ್ಯಾಚು ಇತ್ತು. ಅವತ್ತೂ ಮಳಿ ಬಂದು ಗ್ರೌಂಡು ರಾಡಿ ಆಗಿತ್ತು. ಈ ಸಲ ನಾ ಚೆಂಡು ನೋಡ್ಲಿಲ್ಲ, ನಂಬರ್ 7 ನೋಡಿದೆ. ಒದರತಿದ್ದ, ಕೈ ಮಾಡ್ತಿದ್ದ, ಬೀಳತಿದ್ದ, ಏಳತಿದ್ದ. ಕಡೀ ಕಡೀಕ ಚೆಂಡು ಅವನ ಕೈಗೆ ಬಂತು. ಎದುರಿಗೆ ಇಬ್ಬರು ದಪ್ಪ ಹುಡುಗರು. ತಾನಽ ನುಗ್ಗತಾನೇನೋ ಅಂತ ನಾ ಉಸಿರು ಹಿಡದೆ. ಅಂವ ಅವರಿಬ್ಬರೂ ತನ್ನ ಕಡೆ ಬರೋ ತನಕ ತಡದಾ. ಬಂದು ಮೈಮ್ಯಾಲ ಬೀಳೋ ಹೊತ್ತಿಗೆ ಚೆಂಡು ಎಡಕ್ಕ ಬಿಟ್ಟಾ. ಎಡಕ ಇದ್ದ ಹುಡುಗನ ಮುಂದ ಒಂದು ನರಪಿಳ್ಳಿ ಇರ್ಲಿಲ್ಲ. ಓಡಿ ಹೋಗಿ ಗೆರಿ ದಾಟಿ ಬಿದ್ದಾ. ಎಲ್ಲಾರೂ ಅವನ ಮ್ಯಾಲ ಹಾರಿ ಬಿದ್ದು ಕುಣದ್ರು. ಪುಟ್ಯಾ ಇನ್ನೂ ರಾಡ್ಯಾಗಽ ಬಿದ್ದಿದ್ದ.

ಗೆದ್ದ ಹುಡುಗಗ ಅವತ್ತಿನ ಪದಕ ಕೊಟ್ರು. ಪುಟ್ಯಾ ನನ್ನ ಹತ್ತರ ಬಂದು ಬೂಟು ಬಿಚ್ಚಲಿಕ್ಕೆ ಕೂತಾ. ಮಾರಿ ಸ್ವಲ್ಪ ಸಣ್ಣ ಆಗಿತ್ತು, ಹತ್ತು ವರ್ಷದ ಹುಡುಗ, ಆಸೆ ಇರ್ತದಲ್ಲಾ. ನಾ ಪದಕದ ಮಾತು ಆಡ್ಲಿಲ್ಲ. ಅವನ ಎದುರಿಗೆ ಹುಲ್ಲಿನ ಮ್ಯಾಲಽ ಕೂತು ಒಂದು ಬೂಟು ತಗೊಂಡು ಕಡ್ಡೀಲೆ ರಾಡಿ ತೆಗೀಲಿಕ್ಕೆ ಹತ್ತಿದೆ. ಮೊಣಕಾಲು ಹಿಡದು ಕೂತದ್ದು ನೋಡಿ ಅಳಿಯ "ಅತ್ತಿ, ಬಿಡ್ರಿ, ಮನ್ಯಾಗ ತೊಳದ್ರಾತು" ಅಂದ್ರು. ನಾ ಬಿಡ್ಲಿಲ್ಲ.

"ಪುಟ್ಯಾ, ಚೆಂಡು ಕೊಟ್ಟಾವ ನೀನು. ನಾ ನೋಡಿದೆ" ಅಂದೆ.

ಅಂವ ತಲಿ ಎತ್ತಿ "ನೀ ನೋಡಿದ್ಯಾ ಅಜ್ಜಿ? ಇಬ್ಬರೂ ಬರೋ ತನಕ ತಡದೆ, ಅದನ್ನೂ ನೋಡಿದ್ಯಾ?" ಅಂದಾ.

"ಅದನ್ನೂ ನೋಡಿದೆ" ಅಂದೆ.

ಮನಿ ಮುಟ್ಟೋ ತನಕ ಅದನ್ನಽ ನಾಲ್ಕು ಸಲ ಹೇಳಿಸ್ಕೊಂಡಾ.

ಈಗ ಹುಬ್ಬಳ್ಳ್ಯಾಗ ಅಣ್ಣನ ಮನ್ಯಾಗ ಅಪ್ಪನ ಟೀಮಿನ ಒಂದು ಫೋಟೋ ಗ್ವಾಡಿ ಮ್ಯಾಲ ಅದ. ಹನ್ನೊಂದು ಮಂದಿ, ನಡುವ ಕಪ್ಪು. ಕಪ್ಪು ಹಿಡದಾವ್ರು ಬ್ಯಾರೇದವ್ರು. ಅಪ್ಪ ಹಿಂದಿನ ಸಾಲಿನಾಗ, ಬಲಗಡೆಯಿಂದ ಎರಡನೇದವರು, ಬೆನ್ನು ನೆಟ್ಟಗ. ಮುಂದಿನ ತಿಂಗಳು ಅವರ ಶ್ರಾದ್ಧಕ್ಕ ಹೋದಾಗ ಆ ಫೋಟೋದ ಒಂದು ಪ್ರತಿ ತೆಗಸ್ಕೊಂಡು ಸಿಡ್ನಿಗೆ ಕಳಸ್ಬೇಕಂತ ಮಾಡೇನಿ. ಹಿಂದ ಏನು ಬರೀಬೇಕು ಅಂತ ಪುಟ್ಯಾನ್ನ ಕೇಳಿದೆ. "ನಂಬರ್ 4, ರೈಟ್ ಹಾಫ್ ಅಂತ ಬರಿ ಅಜ್ಜಿ, ನನಗ ತಿಳೀತದ" ಅಂದಾ.